ಒಂದು ಎಂಜಿನ್, ಒಂದು ಕೈ

ನನ್ನ ಹೆಸರು ಸುಗಂಧಾ. ಮೈಗಿರುವುದು ಪೆಟ್ರೋಲಿನ ವಾಸನೆ. ನಗುವವರಿದ್ದರೆ ಈಗಲೇ ನಕ್ಕುಬಿಡಿ, ಊರವರು ಇಪ್ಪತ್ತೆರಡು ವರ್ಷ ನಕ್ಕು ಸುಸ್ತಾಗಿದ್ದಾರೆ. ಅಪ್ಪ ತೀರಿಕೊಂಡ ಮೇಲೆ ಅವನ ಎಂಜಿನ್ ಅಂಗಡಿ ನನ್ನ ಕೈಗೆ ಬಂತು. ಮಾರುವವಳೂ ನಾನೇ, ರಿಪೇರಿ ಮಾಡುವವಳೂ ನಾನೇ, ಗಿರಾಕಿಗಳನ್ನು ಬೈಯುವವಳೂ ನಾನೇ. ನೀರೆತ್ತುವ ಪಂಪು, ಬೆಳೆಗೆ ಔಷಧಿ ಹೊಡೆಯುವ ಪಂಪು, ಜನರೇಟರು, ಕಬ್ಬಿನ ಗಾಣ, ಹೀಗೆ ಹಗ್ಗ ಸುತ್ತಿ ಎಳೆದರೆ ಚಾಲೂ ಆಗುವಂಥದ್ದು ಏನೇ ಕೆಟ್ಟರೂ ಅದು ನನ್ನ ಬಾಗಿಲಿಗೇ ಬರಬೇಕು.

ಬಾಗಿಲ ಮೇಲೆ ಅಪ್ಪ ಬರೆಸಿದ ಬೋರ್ಡು ಇನ್ನೂ ಇದೆ: 'ಒಂದು ಎಂಜಿನ್, ಒಂದು ಕೈ.' ನಮ್ಮೂರಲ್ಲಿ ಹೊಸ ಎಂಜಿನ್ನಿನ ಹಗ್ಗವನ್ನು ಮೊದಲ ಸಲ ಯಾರು ಎಳೆದು ಚಾಲೂ ಮಾಡುತ್ತಾರೋ, ಮುಂದೆ ಅದು ಅವರ ಕೈಗೆ ಮಾತ್ರ ಚಾಲೂ ಆಗುತ್ತದೆ. ಬೇರೆಯವರು ಎಷ್ಟು ಎಳೆದರೂ ಪುಸ್ ಅಂದು ಸುಮ್ಮನಾಗುತ್ತದೆ. ಹಾಗಾಗಿ ಎಂಜಿನ್ ತರುವ ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಮಗನ ಕೈ ಆಗಲಿ ಅಂದರೆ ಅವನು ಎಂಟು ಗಂಟೆಯಾದರೂ ಏಳುವುದಿಲ್ಲ. ಸೊಸೆಯ ಕೈ ಆಗಲಿ ಅಂದರೆ ಅವಳು ಸಿಟ್ಟು ಮಾಡಿಕೊಂಡು ತವರಿಗೆ ಹೋದರೆ ಗದ್ದೆಗೆ ನೀರಿಲ್ಲ. ಹೀಗಾಗಿ ನಮ್ಮೂರಲ್ಲಿ ಸೊಸೆಯಂದಿರನ್ನು ಯಾರೂ ಜೋರಾಗಿ ಬೈಯುವುದಿಲ್ಲ. ದವಾಖಾನೆಯ ಜನರೇಟರು ನರ್ಸಮ್ಮನ ಕೈಯದು. ಆಕೆ ಅಂಗಳ ಬಿಟ್ಟು ಹೋಗುವ ಹಾಗಿಲ್ಲ ಅಂತ ಊರಿನ ಮದುವೆಗಳೆಲ್ಲ ದವಾಖಾನೆಯ ಅಂಗಳದಲ್ಲೇ ನಡೆಯುತ್ತವೆ. ರೋಗಿಗಳಿಗೂ ಹೋಳಿಗೆ ಸಿಗುತ್ತದೆ, ಯಾರೂ ತಕರಾರು ಮಾಡಿಲ್ಲ.

ನನ್ನ ಕೆಲಸಕ್ಕೂ ಇದರ ಬಿಸಿ ತಟ್ಟುತ್ತದೆ. ಕಾರ್ಬ್ಯುರೇಟರ್ ತೊಳೆದು, ಪ್ಲಗ್ ಬದಲಿಸಿ, ಎಲ್ಲ ಸರಿ ಮಾಡಿದರೂ ಚಾಲೂ ಮಾಡಿ ನೋಡಲು ನನ್ನಿಂದ ಆಗುವುದಿಲ್ಲ. ಅದಕ್ಕೆ ಎಂಜಿನ್ ಜೊತೆಗೆ ಅದರ ಕೈಯವರೂ ಬಂದು ಅಂಗಡಿಯಲ್ಲಿ ಕೂರಬೇಕು. ಅವರಿಗೆಂದೇ ಗೋಡೆಗುಂಟ ಒಂದು ಉದ್ದನೆಯ ಬೆಂಚು ಹಾಕಿಸಿದ್ದೇನೆ. ಆಸ್ಪತ್ರೆಗೆ ರೋಗಿಯನ್ನು ಕರೆತಂದವರ ಹಾಗೆ ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಾರೆ, ಹರಟೆ ಹೊಡೆಯುತ್ತಾರೆ. ಎದುರುಗಡೆ ಹಿಟ್ಟಿನ ಗಿರಣಿ ನಡೆಸುವ ಹುಸೇನಬಿ ಕೆಲಸವಿಲ್ಲದಾಗ ಬಂದು ಅದೇ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಾಳೆ. ನನ್ನ ವಾರಿಗೆಯವಳು. ಊರಲ್ಲಿ ನನಗೆ ತಿರುಗಿ ಬೈಯುವ ಧೈರ್ಯ ಇರುವುದು ಅವಳೊಬ್ಬಳಿಗೇ.

ಬೋರ್ಡಿನ ಮಾತು ಒಮ್ಮೆ ಮಾತ್ರ ಮುರಿದಿತ್ತು. ನಾನು ಅಂಗಡಿಗೆ ಹೊಸಬಳು. ಚಂದ್ರಾಮಪ್ಪ, ಗುರುಬಸಪ್ಪ ಅನ್ನುವ ಅಣ್ಣತಮ್ಮರು ಪಂಪು ಕೊಳ್ಳಲು ಬಂದವರು ಖುಷಿಯ ಭರದಲ್ಲಿ ಇಬ್ಬರೂ ಒಟ್ಟಿಗೆ ಹಗ್ಗ ಹಿಡಿದು ಎಳೆದುಬಿಟ್ಟರು. ಎಂಜಿನ್ ಚಾಲೂ ಆಯಿತು. ಆಮೇಲೆ ನೋಡಿದರೆ ಒಬ್ಬರು ಎಳೆದರೆ ಅಲುಗುವುದೇ ಇಲ್ಲ, ಇಬ್ಬರೂ ಬೇಕು. ಮುಂದೆ ಕೆಲವು ವರ್ಷಕ್ಕೆ ಬೇವಿನ ಮರದ ನೆರಳು ಯಾರ ಕಟ್ಟೆಯ ಮೇಲೆ ಬೀಳಬೇಕು ಅನ್ನುವ ವಿಷಯಕ್ಕೆ ಅವರಿಬ್ಬರಿಗೆ ಜಗಳವಾಗಿ ಮಾತು ನಿಂತಿತು. ಮಾತು ನಿಂತು ಒಂಬತ್ತು ವರ್ಷ. ಆದರೂ ದಿನಾ ಬೆಳಿಗ್ಗೆ ಒಬ್ಬ ಈ ಬದುವಿನಿಂದ, ಇನ್ನೊಬ್ಬ ಆ ಬದುವಿನಿಂದ ಬರುತ್ತಾರೆ. ಅಣ್ಣ 'ಒಂದು' ಅನ್ನುತ್ತಾನೆ, ತಮ್ಮ 'ಎರಡು' ಅನ್ನುತ್ತಾನೆ, 'ಮೂರು' ಅಂತ ಇಬ್ಬರೂ ಕೂಗಿ ಎಳೆಯುತ್ತಾರೆ. ನೀರು ಬಿದ್ದ ಕೂಡಲೇ ಮುಖ ತಿರುಗಿಸಿಕೊಂಡು ಹೊರಡುತ್ತಾರೆ. ಅವರ ಪಾಡು ನೋಡಿ ನಾನು ಬಿಗಿಯಾದೆ. ಅಂದಿನಿಂದ ಎಂಜಿನ್ ಮಾರುವಾಗ ಕೈಯವರನ್ನು ಬಿಟ್ಟು ಉಳಿದವರೆಲ್ಲ ಐದು ಹೆಜ್ಜೆ ಹಿಂದೆ ಸರಿಯಬೇಕು, ನಾನೂ ಸೇರಿ.

ಇಷ್ಟು ಬಿಗಿಯಾಗಿದ್ದ ನನ್ನ ಮಾನ ತೆಗೆದವನು ಕಲ್ಲಿನಾಥ.

ಯುಗಾದಿ ಮುಗಿದ ಮರುವಾರ ಅವನು ಅಂಗಡಿಗೆ ಬಂದ. ಐವತ್ತರ ಆಸುಪಾಸಿನ ಮನುಷ್ಯ, ತೆಳ್ಳಗೆ, ಎತ್ತರಕ್ಕಿದ್ದ, ಹೆಗಲ ಮೇಲೆ ಕೆಂಪು ಟವೆಲ್ಲು. ಹೊಳೆಯ ಆಚೆಯವನು, ನಮ್ಮೂರ ಎಂಜಿನ್ನಿನ ಪದ್ಧತಿ ಇನ್ನೂ ತಿಳಿಯದವನು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷವಾಗಿತ್ತಂತೆ. ಅಲ್ಲಿಯವರೆಗೂ ಯಾರದೋ ಅಂಗಡಿಯಲ್ಲಿ ಕಬ್ಬು ಅರೆದವನು, ಈಗ ನಮ್ಮ ರಸ್ತೆಯ ತುದಿಯಲ್ಲಿ, ಆ ಅಣ್ಣತಮ್ಮರ ಹೊಲದ ಅಂಚಿಗೆ, ಸ್ವಂತ ಕಬ್ಬಿನ ಹಾಲಿನ ಅಂಗಡಿ ಇಡಲು ಬಂದಿದ್ದ. ಗಾಣಕ್ಕೆ ತಕ್ಕ ಎಂಜಿನ್ ನನ್ನಲ್ಲಿ ಉಳಿದಿದ್ದದ್ದು ಒಂದೇ. ಅದನ್ನು ಸುತ್ತಲೂ ನೋಡಿದ, ಬಗ್ಗಿ ನೋಡಿದ, ಬೆರಳಿನಿಂದ ತಟ್ಟಿ ನೋಡಿದ. ಆಮೇಲೆ ನಿಧಾನವಾಗಿ ಕೇಳಿದ:

"ಇದು ಚಾಲೂ ಆಗತೈತೇನ್ರೀ?"

"ಆಗದ ಏನ್ರಿ? ಹೊಸಾ ಎಂಜಿನ್ ಐತಿ."

"ಹೊಸಾದು ಖರೇ. ಆದ್ರ ಒಳಗ ಏನೈತೋ ಏನಿಲ್ಲೋ ಯಾರಿಗ ಗೊತ್ರೀ? ಚಾಲೂ ಆಗಲಾರದ್ದನ್ನ ತಂದು ಮಾರಾವ್ರನ್ನ ಭಾಳ ನೋಡೀನಿ."

ನನ್ನ ತಲೆಗೆ ರಕ್ತ ಏರಿತು. ಚಾಲೂ ಆಗದ ಎಂಜಿನ್! ನನ್ನ ಅಂಗಡಿಯಲ್ಲಿ! "ಚಾಲೂ ಆಗೂದಿಲ್ಲಾ? ನೋಡ್ರಿ ಇಲ್ಲೆ!" ಅಂತ ಕೂಗಿದವಳೇ ಹಗ್ಗ ಸುತ್ತಿ ಒಂದೇ ಏಟಿಗೆ ಎಳೆದೆ. ಎಂಜಿನ್ ಮುದ್ದಾಗಿ, ಎಷ್ಟು ಮುದ್ದಾಗಿ ಅಂತೀರಿ, ಡಬಡಬ ಅಂತ ಶುರುವಾಯಿತು.

ಹುಸೇನಬಿ ಬಾಯಲ್ಲಿನ ಎಲೆ ಅಗಿಯುವುದನ್ನೂ ಮರೆತಿದ್ದಳು. ಕಲ್ಲಿನಾಥನೊಬ್ಬನೇ ಸಂತೋಷದಿಂದ ತಲೆಯಾಡಿಸಿ, "ಛಲೋ ಐತ್ರಿ, ಇದನ್ನ ಕೊಡ್ರಿ" ಅಂದ.

"ಅಯ್ಯ ನನ ಹಣೆಬರಹವೇ!" ಅಂತ ನಾನು ತಲೆ ಚಚ್ಚಿಕೊಂಡೆ.

ಅಪ್ಪನ ಕಾಲದಿಂದ ಅಂಗಡಿಗೆ ಒಂದು ಕಟ್ಟಳೆ ಇದೆ. ಮಾರುವವರ ಕೈ ತಪ್ಪಿ ಹಗ್ಗಕ್ಕೆ ಹೋದರೆ ಗಿರಾಕಿಗೆ ಬೇರೆ ಎಂಜಿನ್ ಕೊಡಬೇಕು. ಅದು ಬರುವವರೆಗೆ ಮಾರಿದವರೇ ದಿನಾ ಹೋಗಿ ಚಾಲೂ ಮಾಡಿಕೊಡಬೇಕು. ಕಂಪನಿಯ ಲಾರಿ ಬರುವುದು ವರ್ಷಕ್ಕೆ ಎರಡೇ ಸಲ, ಯುಗಾದಿಗೆ ಮೊದಲು ಒಮ್ಮೆ, ದಸರೆಗೆ ಮೊದಲು ಒಮ್ಮೆ. ಅಂದರೆ ಆರು ತಿಂಗಳು ನಾನು ಆ ಮನುಷ್ಯನ ಅಂಗಡಿಗೆ ಹಾಜರಿ ಹಾಕಬೇಕಾಯಿತು.

ಮೊದಲ ವಾರ ನಾನು ಅವನ ಮುಖವನ್ನೂ ನೋಡಲಿಲ್ಲ. ಬೆಳಿಗ್ಗೆ ಏಳಕ್ಕೆ ಹೋಗುವುದು, ಹಗ್ಗ ಎಳೆಯುವುದು, ಬರುವುದು. ಅವನು ಪ್ರತಿದಿನ ಶುಂಠಿ, ನಿಂಬೆ ಹಾಕಿ ಒಂದು ಲೋಟ ಕಬ್ಬಿನ ಹಾಲು ಮುಂದೆ ಹಿಡಿಯುತ್ತಿದ್ದ. ನಾನು ಒಲ್ಲೆ ಅನ್ನುತ್ತಿದ್ದೆ. ಎಂಟನೆಯ ದಿನ ಬಿಸಿಲು ಬೆಳಿಗ್ಗೆಯೇ ಚುರುಗುಟ್ಟುತ್ತಿತ್ತು. ಲೋಟ ಇಸಕೊಂಡು ಒಂದೇ ಗುಟುಕಿಗೆ ಕುಡಿದೆ. ನಿಂಬೆ ಹೆಚ್ಚಾಗಿತ್ತು.

"ನಿಂಬಿ ಭಾಳಾತು" ಅಂದೆ.

"ನಾಳೆ ಕಡಿಮಿ ಹಾಕ್ತೀನ್ರಿ" ಅಂದ.

ಮರುದಿನ ಕಡಿಮೆಯಾಯಿತು. ಅದರ ಮರುದಿನ ಸರಿಯಾಗಿತ್ತು. ಅಷ್ಟು ವರ್ಷದಲ್ಲಿ ನಾನು ಹೇಳಿದ ಒಂದು ಮಾತನ್ನು ಎದುರು ವಾದಿಸದೆ ಕೇಳಿಸಿಕೊಂಡ ಮೊದಲ ಮನುಷ್ಯ ಅವನು. ಮಧ್ಯಾಹ್ನ ಎಂಜಿನ್ ನಿಂತುಹೋದರೆ ಅವನು ತನ್ನ ಕೆಂಪು ಟವೆಲ್ಲನ್ನು ಬಿದಿರು ಗಳಕ್ಕೆ ಕಟ್ಟಿ ಎತ್ತುತ್ತಿದ್ದ. ನನ್ನ ಅಂಗಡಿಯಿಂದ ಅದು ಕಾಣುತ್ತಿತ್ತು. ನಟ್ಟು ಬಿಗಿಯುವ ಪಾನಾ ಕೈಯಲ್ಲಿ ಹಿಡಿದೇ ನಾನು ಹೋಗುತ್ತಿದ್ದೆ. ನೂರು ಹೆಜ್ಜೆ ದಾರಿ. ಬರಬರುತ್ತಾ ಹೋಗುವಾಗ ನೂರೇ ಹೆಜ್ಜೆ, ಬರುವಾಗ ಒಂದು ತಾಸು ಹಿಡಿಯತೊಡಗಿತು.

ಏನು ಮಾತಾಡುತ್ತಿದ್ದೆವು ಅಂತ ಹುಸೇನಬಿ ಬಿಡದೆ ಕೇಳುತ್ತಿದ್ದಳು. ಏನೂ ಇಲ್ಲ. ಯಾವ ಕಬ್ಬು ಸಿಹಿ, ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ನೊಣ ಜಾಸ್ತಿ, ಬೆಲ್ಟಿಗೆ ಯಾವ ಎಣ್ಣೆ ಹಾಕಬಾರದು. ಒಂದು ದಿನ ಅವನು, "ನೀವು ಲಗ್ನಾ ಯಾಕ ಆಗಲಿಲ್ರೀ?" ಅಂತ ಕೇಳಿದ. ಬೇರೆ ಯಾರಾದರೂ ಕೇಳಿದ್ದರೆ ಪಾನಾ ತಲೆಯ ಮೇಲಿರುತ್ತಿತ್ತು. ನಾನು ಇದ್ದದ್ದನ್ನೇ ಹೇಳಿದೆ. ನೋಡಲು ಬಂದ ನಾಲ್ಕೂ ಜನ ಅಂಗಡಿ ಬಿಟ್ಟು ಬಾ ಅಂದಿದ್ದರು. ನಾನು ಅವರನ್ನು ಬಿಟ್ಟೆ. ಅವನು "ಛಲೋ ಮಾಡಿದ್ರಿ" ಅಂದು ಕಬ್ಬಿನ ಗಿಣ್ಣು ಕೆರೆಯುತ್ತ ಕೂತ.

ಮಳೆಗಾಲ ಬಂತು. ಜಡಿಮಳೆಯಲ್ಲಿ ಕಬ್ಬಿನ ಹಾಲು ಕುಡಿಯುವ ಪುಣ್ಯಾತ್ಮರು ಯಾರು? ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಆದರೂ ಏಳು ಗಂಟೆಗೆ ಕಲ್ಲಿನಾಥ ಅಂಗಡಿ ತೆರೆದು ಕಾಯುತ್ತಿದ್ದ, ನಾನೂ ಕೊಡೆ ಹಿಡಿದು ಹೋಗುತ್ತಿದ್ದೆ. ಎಂಜಿನ್ ಚಾಲೂ ಮಾಡುತ್ತಿದ್ದೆ, ಎರಡು ಲೋಟ ಹಾಲು ಹಿಂಡುತ್ತಿದ್ದ, ಬಂದ್ ಮಾಡುತ್ತಿದ್ದ. ಒಂದು ಅವನಿಗೆ, ಒಂದು ನನಗೆ. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಸಂತೋಷವಾಗುತ್ತಿತ್ತು. ನಲವತ್ತಾರನೇ ವಯಸ್ಸಿನಲ್ಲಿ ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಂಡು ಗಲ್ಲದ ಮೇಲಿನ ಮಸಿ ಒರೆಸಿಕೊಳ್ಳುವುದನ್ನು ಕಲಿತೆ.

"ಏನವಾ, ಈಗಿತ್ತಲಾಗ ಸಾಬೂನಿನ ವಾಸನಿ ಬರಾಕತ್ತೈತಿ?" ಅಂದಳು ಹುಸೇನಬಿ.

"ಗ್ರೀಸ್ ಹೋಗಂಗಿಲ್ಲ, ಅದಕ್ಕ ಹಚ್ಚೀನಿ."

"ಇಪ್ಪತ್ತೆರಡು ವರ್ಷ ಹೋಗದ ಗ್ರೀಸ್ ಈಗ ಹೋಗತೈತೇನು?"

ಶ್ರಾವಣದಲ್ಲಿ ಎರಡು ವಾರ ಮಳೆ ಕೈಕೊಟ್ಟಿತು. ಆ ದಿನಗಳಲ್ಲೇ ಒಂದು ಬೆಳಿಗ್ಗೆ ನಾವಿಬ್ಬರೂ ಲೋಟ ಹಿಡಿದು ನಿಂತಿದ್ದಾಗ, ಬದುವಿನ ಮೇಲೆ ಚಂದ್ರಾಮಪ್ಪ ಯಾರನ್ನೋ ಬೆನ್ನ ಮೇಲೆ ಹೊತ್ತುಕೊಂಡು ಬರುವುದು ಕಂಡಿತು. ಹತ್ತಿರ ಬಂದಾಗ ನೋಡಿದರೆ ತಮ್ಮ ಗುರುಬಸಪ್ಪ. ಕಂಬಳಿ ಸುತ್ತಿಕೊಂಡಿದ್ದ, ಜ್ವರದಿಂದ ಮುಖ ಕೆಂಪಾಗಿತ್ತು. ಅಣ್ಣ ತಮ್ಮನನ್ನು ಪಂಪಿನ ಪಕ್ಕ ಇಳಿಸಿದ. 'ಒಂದು' ಅಂದ. ತಮ್ಮ ಕ್ಷೀಣವಾಗಿ 'ಎರಡು' ಅಂದ. ಇಬ್ಬರೂ 'ಮೂರು' ಅಂದು ಎಳೆದರು. ಕಬ್ಬಿಗೆ ನೀರು ಬಿತ್ತು. ಅಣ್ಣ ತಮ್ಮನನ್ನು ಮತ್ತೆ ಬೆನ್ನಿಗೇರಿಸಿಕೊಂಡು ಬಂದ ದಾರಿಯಲ್ಲೇ ಹೋದ. ಬೇರೆ ಒಂದು ಮಾತೂ ಇಲ್ಲ. ಕಲ್ಲಿನಾಥ ಅವರು ಕಣ್ಮರೆಯಾಗುವವರೆಗೆ ನೋಡುತ್ತಲೇ ಇದ್ದ. ಅವನ ಲೋಟದ ಹಾಲು ಹಾಗೇ ಇತ್ತು.

ಇನ್ನು ಒಂದು ನಾಚಿಕೆಗೇಡಿನ ವಿಷಯ ಹೇಳಬೇಕು. ಆ ಎಂಜಿನ್ ದಿನಕ್ಕೆ ಒಂದು ಸಲ ನಿಲ್ಲುತ್ತಿದ್ದದ್ದು ಎರಡು ಸಲ ನಿಲ್ಲತೊಡಗಿತು, ಆಮೇಲೆ ನಾಲ್ಕು ಸಲ. ಎರಡು ಸಲದ ಗುಟ್ಟು ನನಗೆ ಗೊತ್ತಿತ್ತು. ಯಾಕೆಂದರೆ ಎಂಜಿನ್ ನಿಧಾನ ಓಡುವಾಗ ಉಸಿರು ಹಿಡಿದಿಡುವ ಸಣ್ಣ ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಮಾಡಿದವಳು ನಾನೇ. ಇಪ್ಪತ್ತೆರಡು ವರ್ಷ ಜನರ ಎಂಜಿನ್ ನಿಲ್ಲದ ಹಾಗೆ ನೋಡಿಕೊಂಡ ಕೈ ಅದು! ಅಪ್ಪನ ಫೋಟೋದ ಕಡೆ ಎರಡು ದಿನ ನೋಡಲಿಲ್ಲ. ಆದರೆ ಉಳಿದ ಎರಡು ಸಲ ಯಾಕೆ ನಿಲ್ಲುತ್ತದೆ ಅನ್ನುವುದು ತಿಳಿಯದೆ ಒಂದು ಮಧ್ಯಾಹ್ನ ಟವೆಲ್ಲು ಏರುವ ಮೊದಲೇ ಹೋಗಿ ಬೇಲಿಯ ಹಿಂದೆ ನಿಂತೆ. ಕಲ್ಲಿನಾಥ ಅತ್ತಿತ್ತ ನೋಡಿದ. ಟ್ಯಾಂಕಿನ ಕೆಳಗೆ ಕೈ ಹಾಕಿ ಪೆಟ್ರೋಲ್ ಕಾಕ್ ಬಂದ್ ಮಾಡಿದ. ಎಂಜಿನ್ ಗುಟುಗುಟು ಅಂದು ನಿಂತಿತು. ಕಾಕ್ ಮತ್ತೆ ತಿರುಗಿಸಿಟ್ಟು, ಏನೂ ಅರಿಯದವನ ಹಾಗೆ ಟವೆಲ್ಲು ಗಳಕ್ಕೆ ಕಟ್ಟಿದ. ನಾನು ಬಾಯಿ ಮುಚ್ಚಿಕೊಂಡು ನಗುತ್ತಾ ಸುತ್ತು ದಾರಿಯಲ್ಲಿ ಅಂಗಡಿಗೆ ಓಡಿ, ಅಲ್ಲಿಂದ ಗಂಭೀರವಾಗಿ ನಡೆದು ಬಂದೆ. "ಮತ್ತ ನಿಂತತೇನ್ರಿ?" ಅಂದೆ. "ಹೌದ್ರಿ, ಏನಾಗೈತೋ ತಿಳೀವಲ್ದು" ಅಂದ.

ಆದರೆ ದಸರೆ ನಿಲ್ಲಬೇಕಲ್ಲ. ಭಾದ್ರಪದ ಮುಗಿಯುತ್ತಿದ್ದ ಹಾಗೆ ನನಗೆ ಊಟ ಸೇರದಾಯಿತು. ಲಾರಿ ಬಂದರೆ ಹೊಸ ಎಂಜಿನ್ ಕೊಡಬೇಕು. ಅವನು ತನ್ನ ಕೈಯಾರೆ ಎಳೆದರೆ ಮುಗಿಯಿತು. ಏಳು ಗಂಟೆಗೆ ನಾನು ಎಲ್ಲಿಗೆ ಹೋಗಬೇಕು? ಯಾವ ನೆಪ ಹೇಳಬೇಕು? ಸುಮ್ಮನೆ ಹೋಗಿ ಹಾಲು ಕುಡಿದು ಬರಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಆದರೆ ಸುಮ್ಮನೆ ಎಲ್ಲಿಗಾದರೂ ಹೋಗುವುದು ನನಗೆ ಜನ್ಮದಲ್ಲಿ ಬಂದಿಲ್ಲ. ಕೆಲಸವಿದ್ದರೆ ಮಾತ್ರ ನನ್ನ ಕಾಲು ಏಳುತ್ತವೆ. ಲಾರಿ ಬರುವ ಹಿಂದಿನ ದಿನ ಹುಸೇನಬಿ ನನ್ನ ಪಕ್ಕ ಬಂದು ಕೂತು, "ಹೇಳಿಬಿಡವಾ ಅಂವಗ" ಅಂದಳು. "ಏನಂತ ಹೇಳಲಿ?" ಅಂದೆ. "ಎಂಜಿನ್ನಿಗೆ ಇಷ್ಟು ಮಾತಾಡತಿ, ಮನಶ್ಯಾಗ ಒಂದು ಮಾತಾಡಾಕ ಆಗೂದಿಲ್ಲಾ?" ಅಂದಳು. ಆಗುವುದಿಲ್ಲ ಅಂದೆ. ನಿಜವಾಗಿಯೂ ಆಗುತ್ತಿರಲಿಲ್ಲ.

ಲಾರಿ ಬಂತು. ಎಂಜಿನ್ ಇಳಿಯಿತು. ಕಲ್ಲಿನಾಥ ಒಗೆದ ಅಂಗಿ ಹಾಕಿಕೊಂಡು ಬಂದ. ರಸ್ತೆಯವರೆಲ್ಲ ಸೇರಿದರು. ಅವನ ಗಾಣಕ್ಕೆ ಕಬ್ಬು ಕೊಡುವವರಲ್ಲವೇ, ಅಣ್ಣತಮ್ಮರೂ ಬಂದು ಗುಂಪಿನ ಎರಡು ತುದಿಯಲ್ಲಿ ನಿಂತರು. ನಮ್ಮ ಪದ್ಧತಿಯಂತೆ ಕಲ್ಲಿನಾಥ ಕೈ ತೊಳೆದ, ನಾನು ಬೆಲ್ಲ ಕೊಟ್ಟೆ, ಹಗ್ಗ ಸುತ್ತಿ ತುದಿಯನ್ನು ಅವನ ಕೈಗಿಟ್ಟೆ. "ಎಲ್ಲಾರೂ ಐದು ಹೆಜ್ಜಿ ಹಿಂದಕ್ಕ!" ಅಂತ ಕೂಗಿದೆ. ದನಿ ಒಡೆಯಿತು, ಕೆಮ್ಮು ಬಂದ ಹಾಗೆ ನಟಿಸಿದೆ. ನಾನೂ ಹಿಂದೆ ಸರಿದೆ. ಒಂದು, ಎರಡು, ಮೂರು, ನಾಲ್ಕು ಹೆಜ್ಜೆ.

"ನಿಂದರ್ರಿ" ಅಂದ ಕಲ್ಲಿನಾಥ. "ನಾ ಒಬ್ಬಾಂವ ಎಳಿಯಂಗಿಲ್ಲ."

"ಯಾಕ? ಕೈಗೇನಾಗೈತಿ?"

"ಕೈಗೇನಾಗಿಲ್ರಿ. ಆ ಅಣ್ಣತಮ್ಮಂದಿರ ಪಂಪು ಐತಲ್ರಿ, ನನಗ ಅಂಥಾದ್ದ ಬೇಕು. ಒಂಬತ್ತು ವರ್ಷ ಮಾತಿಲ್ಲ ಕತಿಯಿಲ್ಲ, ಆದ್ರೂ ಒಂದಿನಾ ತಪ್ಪಿಸಿಲ್ಲ ಅವ್ರು." ಅವನು ಹಗ್ಗದ ತುದಿಯನ್ನು ನನ್ನ ಕಡೆ ಚಾಚಿದ. "ನೀವೂ ಹಿಡೀರಿ."

ನನ್ನ ಬಾಯಿಗೆ ಬಂದದ್ದು ಬೈಗುಳವೇ. "ತಲಿ ಸರಿ ಐತಿಲ್ಲೋ ನಿಮ್ಮದು? ಬೋರ್ಡ್ ಓದಾಕ ಬರೂದಿಲ್ಲಾ? ಇಬ್ಬರ ಕೈ ಆದ್ರ ಜೀವಮಾನಾ ಪೂರಾ ಇಬ್ಬರೂ ಬೇಕು! ನಾಳೆ ಜಗಳಾದ್ರ?"

"ಜಗಳಾ ಮಾಡಕೋತನ ಎಳಿಯೂಣು."

"ನಾ ಅಂಗಡಿ ಬಿಟ್ಟು ಬರಾಕಿ ಅಲ್ಲ, ಹೇಳಿರ್ತೀನಿ!"

"ಬಿಡ್ರಿ ಅಂತ ಯಾರಂದ್ರು? ನೂರು ಹೆಜ್ಜಿ ಐತಿ."

"ನನಗ ಜ್ವರಾ ಬಂದ್ರ? ಆಗ ಏನ್ ಮಾಡ್ತೀರಿ?"

"ಹೊತಗೊಂಡು ಬರ್ತೀನ್ರಿ" ಅಂದ ಕಲ್ಲಿನಾಥ.

ನಾನು ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಎಷ್ಟು ಒರೆಸಿದರೂ ಮತ್ತೆ ತುಂಬುತ್ತಿತ್ತು. ಇಷ್ಟು ಜನರೆದುರು ಅತ್ತದ್ದಕ್ಕೆ ಸಿಟ್ಟೂ ಬಂತು. "ಕಾಕ್ ಬಂದ್ ಮಾಡಿ ಮಾಡಿ ನನ್ನ ಕರಸಿದ್ದು ನನಗ ಗೊತ್ತಿಲ್ಲಂತ ತಿಳದೀರೇನು? ಬೇಲಿ ಹಿಂದ ನಿಂತು ನೋಡೀನಿ!" ಅಂದೆ.

"ಸ್ಕ್ರೂ ಸಡಲ ಮಾಡಿದ್ದು ನನಗೂ ಗೊತ್ತೈತ್ರಿ. ನಾನೂ ವರ್ಷಾನುಗಟ್ಟಲೆ ಎಂಜಿನ್ ಕೂಡ ಇದ್ದಾಂವ."

ಹುಸೇನಬಿ ಮೊದಲು ನಕ್ಕಳು. ಆಮೇಲೆ ರಸ್ತೆಗೆ ರಸ್ತೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಗದ್ದಲದಲ್ಲಿ ನಾನು ನಾಲ್ಕು ಹೆಜ್ಜೆ ಮುಂದೆ ಬಂದು ಹಗ್ಗ ಹಿಡಿದೆ. ಅವನ ಕೈ ಬೆವೆತಿತ್ತು, ನನ್ನದೂ ಬೆವೆತಿತ್ತು. ಎಣಿಸಬೇಕು ಅಂತ ಬಾಯಿ ತೆರೆದರೆ ನನಗೆ ದನಿಯೇ ಹೊರಡಲಿಲ್ಲ. ಅವನಿಗೂ ಹೊರಡಲಿಲ್ಲ.

ಗುಂಪಿನ ಈ ತುದಿಯಿಂದ ಚಂದ್ರಾಮಪ್ಪ, "ಒಂದು" ಅಂದ.

ಆ ತುದಿಯಿಂದ ಗುರುಬಸಪ್ಪ, "ಎರಡು" ಅಂದ.

ಮೂರು ಅಂತ ಇಡೀ ರಸ್ತೆ ಕೂಗಿತು. ಎಳೆದೆವು. ಒಂದೇ ಏಟಿಗೆ ಚಾಲೂ ಆಯಿತು.

ದಸರೆ ಮುಗಿದ ಮೇಲೆ ದವಾಖಾನೆಯ ಅಂಗಳದಲ್ಲಿ ನಮ್ಮ ಮದುವೆಯಾಯಿತು. ನರ್ಸಮ್ಮ ಮುಂದೆ ನಿಂತು ಬಡಿಸಿದಳು. ಹಳೆಯ ಎಂಜಿನ್ ನನ್ನ ಕೈಯದಲ್ಲವೇ, ಅದನ್ನು ಅಂಗಡಿಗೆ ತಂದು ಗ್ರೀಸ್ ತೊಳೆಯುವ ಪಂಪಿಗೆ ಜೋಡಿಸಿಕೊಂಡಿದ್ದೇನೆ. ಸ್ಕ್ರೂ ಬಿಗಿ ಮಾಡಿದ ಮೇಲೆ ಅದು ಒಂದು ಸಲವೂ ನಿಂತಿಲ್ಲ. ಬೋರ್ಡನ್ನು ತೆಗೆದಿಲ್ಲ, ಗಿರಾಕಿಗಳಿಗೆ ಅದೇ ಕಟ್ಟಳೆ. ಯಾರಾದರೂ ನಮ್ಮ ಎರಡು ಕೈಯ ಎಂಜಿನ್ನನ್ನು ಎತ್ತಿ ಆಡಿದರೆ ಬೈದು ಕಳಿಸುತ್ತೇನೆ.

ನಿನ್ನೆ ನಮಗೆ ಜೋರು ಜಗಳವಾಯಿತು. ಕಾರಣ ಏನೆಂದು ಈಗ ನೆನಪಿಲ್ಲ, ತಪ್ಪು ಅವನದೇ. ಇವತ್ತು ಬೆಳಿಗ್ಗೆ ಏಳು ಗಂಟೆಯವರೆಗೂ ಇಬ್ಬರಿಗೂ ಮಾತಿರಲಿಲ್ಲ. ಅವನು ಮುಂದೆ ಹೋದ, ನಾನು ಹತ್ತು ಹೆಜ್ಜೆ ಹಿಂದೆ ಹೋದೆ. ಹಗ್ಗ ಸುತ್ತಿದ. ಇಬ್ಬರೂ ಹಿಡಿದೆವು. ನಾನು ಬೇಲಿಯ ಕಡೆ ನೋಡುತ್ತಾ 'ಒಂದು' ಅಂದೆ. ಅವನು ಕಬ್ಬಿನ ರಾಶಿಯ ಕಡೆ ನೋಡುತ್ತಾ 'ಎರಡು' ಅಂದ. ಎಂಜಿನ್ ಚಾಲೂ ಆದ ಮೇಲೆ ಎಂದಿನಂತೆ ಲೋಟ ಮುಂದೆ ಹಿಡಿದ. ಕುಡಿದೆ. ನಿಂಬೆ ಸರಿಯಾಗಿತ್ತು.